ಬಲೆಯಲ್ಲಿ ವಲಸೆ ಹಕ್ಕಿ ಒದ್ದಾಡುತ್ತಿದ್ದರೆ ಕತ್ತರಿ ಹಾಕಬಹುದೇ?

ಪ್ರಶ್ನೆ:
ಗದಗ, ಕೊಪ್ಪಳ ಕಡೆಯ ಕೆರೆಗಳಲ್ಲಿ ಚಳಿಗಾಲದ ಹಕ್ಕಿ ಎಣಿಕೆಗೆ ಊರಿನ ಹುಡುಗರನ್ನು ಸಿದ್ಧಮಾಡುತ್ತಿದ್ದೇವೆ. ಗಳಗಳ ನಡುವೆ ಕಟ್ಟಿದ ನೈಲಾನ್ ಬಲೆಯಲ್ಲಿ ಹಕ್ಕಿ ಜೀವಂತ ಸಿಕ್ಕಿಕೊಂಡಿದ್ದರೆ ಏನು ಮಾಡಬೇಕು? ಕತ್ತರಿಸಿದರೆ ಕೇಸು ನಿಲ್ಲುವುದಿಲ್ಲ ಅಂತಾರೆ, ಹೌದೇ?

ಉತ್ತರ 1:
ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಿಬ್ಬಂದಿ ಬರುವುದು ತಡವಾಗುತ್ತದೆ ಅಂದರೆ, ಬಿಡಿಸಲು ಆಗಲೇ ಅವರ ಒಪ್ಪಿಗೆ ಕೇಳಿ.

ಹಕ್ಕಿ ಯಾವ ಕಡೆಯಿಂದ ಬಂದು ಬಲೆಗೆ ಬಡಿಯಿತೋ ಆ ಕಡೆಗೇ ನಿಲ್ಲಿ. ಹೊಕ್ಕ ದಾರಿಯಲ್ಲೇ ಹೊರಗೆ ಬರಬೇಕು. ತಲೆಗೆ ಹತ್ತಿ ಬಟ್ಟೆ ಮುಚ್ಚಿದರೆ ಒದ್ದಾಟ ತಗ್ಗುತ್ತದೆ. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕೊರಳು. ಕಾಲು ಬಿಡಿಸದೆ ರೆಕ್ಕೆಗೆ ಕೈಹಾಕಿದರೆ ಅದು ಉಗುರಿನಿಂದ ಮತ್ತೆ ಬಲೆಯನ್ನೇ ಹಿಡಿದು ಇನ್ನಷ್ಟು ಸುತ್ತಿಕೊಳ್ಳುತ್ತದೆ. ಎಳೆ ಬಿಗಿದಿದ್ದರೆ ಜಗ್ಗಬೇಡಿ, ಮೊಂಡು ತುದಿಯ ಕತ್ತರಿಯಿಂದ ಬೇಕಾದಷ್ಟೇ ಕತ್ತರಿಸಿ. ಎದೆಯನ್ನು ಮಾತ್ರ ಅದುಮಲೇಬೇಡಿ: ಎದೆಗೂಡು ಏರಿಳಿದರಷ್ಟೇ ಹಕ್ಕಿಗೆ ಉಸಿರು. ದಾರ ಚರ್ಮದೊಳಗೆ ಇಳಿದಿದ್ದರೆ ಆ ತುಂಡಿನ ಸಮೇತ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಪಶುವೈದ್ಯರಿಗೆ ಒಪ್ಪಿಸಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಕೊಕ್ಕರೆ ಜಾತಿಯವು ಕಣ್ಣಿಗೇ ಕುಕ್ಕುತ್ತವೆ. ಕೊಕ್ಕು ಮೊದಲು ಹಿಡಿಯಿರಿ.

ಉತ್ತರ 2:
ಕೇಸಿನ ಬಗ್ಗೆ: ನಾಲ್ಕೆಳೆ ಕತ್ತರಿಸಿದ್ದರಿಂದ ಆಗುವುದಕ್ಕಿಂತ ಹೆಚ್ಚು ಹಾನಿ ಆಗುವುದು, ಸಿಟ್ಟಿನಲ್ಲಿ ಬಲೆಯನ್ನೇ ಸುಟ್ಟುಹಾಕಿದಾಗ. ಮುಟ್ಟುವ ಮುಂಚೆ ಲೊಕೇಶನ್ ಆನ್ ಮಾಡಿ, ಎರಡೂ ಗಳ, ಬಲೆ, ಹಕ್ಕಿ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಯಿರಿ. ಉಳಿದ ಬಲೆ, ಗೂಟ, ಹಗ್ಗ ಮಹಜರಿಗೆ ಇದ್ದಲ್ಲೇ ಇರಲಿ; ಬೇರೆ ಹಕ್ಕಿ ಬೀಳದಂತೆ ಒಬ್ಬರು ಕಾವಲಿರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವ ಪ್ರಯತ್ನವೂ ಬೇಟೆಯೇ, ಹಾಗಾಗಿ ಖಾಲಿ ಬಲೆಯನ್ನೂ ವರದಿ ಮಾಡಿ. ಸುತ್ತ ಕಾಳು ಚೆಲ್ಲಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೀಟನಾಶಕ ಬೆರೆಸಿರಬಹುದು.

ಸಂಶೋಧಕರು ಗುರುತಿಗೆ ಹಾಕಿದ ಕಾಲಿನ ಉಂಗುರ, ಕೊರಳ ಪಟ್ಟಿ ಇದ್ದರೆ ಬಿಚ್ಚದೆ ಸಂಖ್ಯೆ ಬರೆದುಕೊಳ್ಳಿ.

ಉತ್ತರ 3:
ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ವರ್ಷಕ್ಕೆ ಒಂದೇ ಸಲ ಮೊಟ್ಟೆ ಇಡುವುದು, ಅದೂ ಹುಟ್ಟಿ ಎರಡು ಮೂರು ವರ್ಷ ಕಳೆದ ಮೇಲೆ. ಹಿಮಾಲಯ ದಾಟಿ ಬಂದ ಬಲಿತ ಹಕ್ಕಿ ಇಲ್ಲಿ ಸತ್ತರೆ ಆಚೆಕಡೆ ಒಂದು ಜೋಡಿಯೇ ಮುರಿಯುತ್ತದೆ.

ಕೇಸಿನಿಂದಷ್ಟೇ ಬಲೆ ನಿಲ್ಲುವುದಿಲ್ಲ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದಲ್ಲಿ 2012ರಲ್ಲಿ ಮೀನಿನ ಬಲೆಗಳನ್ನೇ ಎತ್ತಿ ಕಟ್ಟಿ ಅಮೂರ್ ಚಾಣಗಳೆಂಬ ಸಣ್ಣ ವಲಸೆ ಬೇಟೆಹಕ್ಕಿಗಳನ್ನು ರಾಶಿ ರಾಶಿ ಹಿಡಿದಿದ್ದರು. ಪಂಗ್ತಿ ಮೊದಲಾದ ಊರುಗಳವರೇ ಕೂತು ನಿಷೇಧ ಹಾಕಿದ ಮೇಲೆ, 2013ರ ಹಂಗಾಮಿಗೆ ಆ ಬಲೆಗಳು ಮೇಲೇರಲಿಲ್ಲ. ನಿಮ್ಮಲ್ಲೂ ಎಣಿಕೆಗೆ ಮೊದಲೇ ಮೀನುಗಾರರನ್ನು, ಪಂಚಾಯಿತಿಯವರನ್ನು ಒಟ್ಟಿಗೆ ಕೂರಿಸಿ. ಯಾವುದು ಮೀನಿನ ಬಲೆ, ಯಾವುದು ಹಕ್ಕಿಗೆ ಕಟ್ಟಿದ್ದು ಅಂತ ದೂರದಿಂದಲೇ ಹೇಳಬಲ್ಲವರು ಅವರು.