ಶಾರ್ಟ್ ಥ್ರೋ ಶಿಫ್ಟರ್ ಹಾಕಿಸುವ ಮುಂಚೆ: ಗೇರ್‌ಬಾಕ್ಸ್ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ಹತ್ತಿರ ಮಾಜ್ದಾ ಎಂಎಕ್ಸ್-5 ಇದೆ. ಎರಡನೇ ತಲೆಮಾರಿನ ಕಾರು, ಐದು ಗೇರ್. ಶಾರ್ಟ್ ಥ್ರೋ ಶಿಫ್ಟರ್, ಅಂದರೆ ಗೇರ್ ಹಾಕುವಾಗ ಕೈ ಕಡಿಮೆ ದೂರ ಓಡಿದರೆ ಸಾಕಾಗುವ ಗೇರ್ ಲಿವರ್, ಹಾಕಬೇಕು ಅಂತ ತುಂಬಾ ದಿನದ ಆಸೆ. ಡಬ್ಬಿ ಮೇಲೆ ‘ಶೇ. 40 ಕಡಿಮೆ ಓಟ’ ಅಂತ ಬರೆದಿದ್ದಾರೆ. ಹಾಕಿದರೆ ಗೇರ್ ಬೇಗ ಬೀಳುತ್ತದಾ? ಈಗ ಲಿವರ್ ಸ್ವಲ್ಪ ಲೊಡಲೊಡ ಅನ್ನುತ್ತದೆ. ಬೆಳಿಗ್ಗೆ ಹೊತ್ತು ಎರಡನೇ ಗೇರ್‌ಗೆ ಹಾಕುವಾಗ ‘ಕರ್ರ್’ ಅನ್ನುತ್ತದೆ. ಅದೂ ಇದರಿಂದ ಸರಿ ಹೋಗಬಹುದಾ?

ಉತ್ತರ: ನೀವು ಕೇಳಿರುವುದು ಮೂರು ಬೇರೆ ಬೇರೆ ವಿಷಯ. ಶಿಫ್ಟರ್‌ನಿಂದ ಆಗುವುದು ಅದರಲ್ಲಿ ಒಂದೇ, ಅದೂ ಅರ್ಧ.

ಮೊದಲು ಕರ್ರ್ ಸದ್ದು. ಅದಕ್ಕೂ ಲಿವರ್ ಉದ್ದಕ್ಕೂ ಸಂಬಂಧ ಇಲ್ಲ. ಗೇರ್ ಬದಲಿಸುವಾಗ ಒಳಗೆ ಸಿಂಕ್ರೋ ರಿಂಗ್ ಹೋಗಿ ಗೇರ್‌ನ ಕೋನ್‌ಗೆ ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮ ಆಗುವ ತನಕ ಸ್ಲೀವ್, ಅಂದರೆ ಗೇರ್ ಅನ್ನು ಶಾಫ್ಟ್‌ಗೆ ಹಿಡಿಸುವ ಬಳೆ, ಮುಂದೆ ಹೋಗದ ಹಾಗೆ ತಡೆದು ನಿಲ್ಲಿಸುತ್ತದೆ. ರಿಂಗ್ ಸವೆದಿದ್ದರೆ ಆ ತಡೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಲ್ಲಿಗೆ ಹಲ್ಲು ತಾಗಿ ಸದ್ದು ಬರುತ್ತದೆ. ಬೆಳಿಗ್ಗೆ ಮಾತ್ರ ಬರುತ್ತದೆ ಅಂದರೆ ತಣ್ಣಗಿರುವ ದಪ್ಪ ಆಯಿಲ್‌ದೂ ಪಾಲಿರಬಹುದು. ಇನ್ನೊಂದು ಅನುಮಾನ ಕ್ಲಚ್ ಮೇಲೆ. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡದಿದ್ದರೆ ಸಿಂಕ್ರೋ ಎಷ್ಟು ಒಳ್ಳೆಯದಿದ್ದರೂ ಒದ್ದಾಡುತ್ತದೆ.

ಇದನ್ನು ನೀವೇ ನೋಡಬಹುದು. ಗಾಡಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಕ್ಲಚ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ಕಾಯಿರಿ. ಆಮೇಲೆ ನಿಧಾನವಾಗಿ ರಿವರ್ಸ್‌ಗೆ ಹಾಕಿ. ಅಷ್ಟು ಹೊತ್ತು ಕಾದರೂ ಕರ್ರ್ ಅಂದರೆ ಕ್ಲಚ್ ಬಿಡುತ್ತಿಲ್ಲ ಅಂತಲೇ ಅರ್ಥ. ಈ ಕಾರಿನಲ್ಲಿ ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಲೀಕ್ ಆಗುವುದು ಹಳೆಯ ಕಾಯಿಲೆ. ಅದರ ರಬ್ಬರ್ ಬೂಟ್ ಸ್ವಲ್ಪ ಹಿಂದಕ್ಕೆ ಎಳೆದು ನೋಡಿ. ಒಳಗೆ ಒದ್ದೆ ಇದ್ದರೆ ಮೊದಲ ಖರ್ಚು ಅಲ್ಲಿಗೆ, ಶಿಫ್ಟರ್‌ಗಲ್ಲ.

ಇನ್ನು ಲೊಡಲೊಡ. ಬಹುಪಾಲು ಅದು ಬುಷ್, ಅಂದರೆ ಆಡುವ ಭಾಗ ಅಲುಗದ ಹಾಗೆ ಸುತ್ತ ಹಿಡಿಯುವ ಸಣ್ಣ ಬಳೆ, ಸವೆದಿರುವುದು. ಲಿವರ್‌ನ ಕೆಳತುದಿಗೆ ಒಂದು ನೈಲಾನ್ ಬುಷ್ ಇರುತ್ತದೆ, ನಡುವಿನ ಬಾಲ್ ಕೂರುವ ಜಾಗದಲ್ಲಿ ಇನ್ನೊಂದು. ಎರಡೂ ಸಣ್ಣ ಸಾಮಾನು. ಹೊಸದು ಹಾಕಿದ ಕೂಡಲೇ ಲಿವರ್‌ಗೆ ಹೊಸ ಜೀವ ಬರುತ್ತದೆ. ಬುಷ್ ಬದಲಿಸಿದ ಮೇಲೆ ಶಾರ್ಟ್ ಶಿಫ್ಟರ್ ಆಸೆಯನ್ನೇ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಬೇಗ ಬೀಳುತ್ತದಾ ಅಂದರೆ, ಕೈ ಓಡುವ ದೂರ ಕಡಿಮೆ ಆಗುತ್ತದೆ, ಅಷ್ಟೇ. ಸಿಂಕ್ರೋ ತೆಗೆದುಕೊಳ್ಳುವ ಹೊತ್ತು ಹಾಗೇ ಇರುತ್ತದೆ. ಅದು ಲಿವರ್‌ನಲ್ಲಿ ಇಲ್ಲ, ಬಾಕ್ಸ್ ಒಳಗಿದೆ.

ಪ್ರಶ್ನೆ: ಈ ಶೇ. 40 ಅನ್ನುವುದು ಎಲ್ಲಿಂದ ಬರುತ್ತದೆ ಸರ್? ಕೆಲವರು ಲಿವರ್ ಕತ್ತರಿಸಿ ಗಿಡ್ಡ ಮಾಡಿಕೊಂಡು ಅದನ್ನೇ ಶಾರ್ಟ್ ಶಿಫ್ಟರ್ ಅನ್ನುತ್ತಾರಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಲಿವರ್ ಒಂದು ಬಾಲ್ ಮೇಲೆ ಆಡುತ್ತದೆ. ಬಾಲ್‌ನಿಂದ ಮೇಲೆ ನಾಬ್ ತನಕ ಒಂದು ಉದ್ದ, ಕೆಳಗೆ ಗೇರ್‌ಬಾಕ್ಸ್‌ನ ಶಾಫ್ಟ್ ತನಕ ಇನ್ನೊಂದು ಉದ್ದ. ಎಲ್ಲ ಆಟ ಈ ಎರಡು ಉದ್ದಗಳ ನಡುವೆ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಮೇಲೆ 200 ಮಿ.ಮೀ., ಕೆಳಗೆ 40 ಮಿ.ಮೀ. ಕೆಳತುದಿ 20 ಮಿ.ಮೀ. ಸರಿಯಬೇಕಾದರೆ ನಾಬ್ 100 ಮಿ.ಮೀ. ಓಡಬೇಕು. ಈಗ ಕೆಳಗಿನ ಉದ್ದವನ್ನು 50 ಮಾಡಿ. ನಾಬ್ 80 ಮಿ.ಮೀ. ಓಡಿದರೆ ಸಾಕು. ಓಟ ಶೇ. 20 ಕಡಿಮೆ ಆಯಿತು. ಆದರೆ ಕೈಗೆ ಬೇಕಾದ ಬಲ ಶೇ. 25 ಜಾಸ್ತಿ ಆಯಿತು. ಜೊತೆಗೆ ಮೇಲಿನ ಭಾಗವನ್ನೂ 160ಕ್ಕೆ ಇಳಿಸಿದರೆ ಓಟ 64 ಮಿ.ಮೀ.ಗೆ ಬರುತ್ತದೆ, ಬಲ ಮಾತ್ರ ಮೊದಲಿಗಿಂತ ಒಂದೂವರೆ ಪಟ್ಟು ದಾಟುತ್ತದೆ. ಹಾರೆ ಹಿಡಿದು ಕಲ್ಲು ಮೀಟುವಾಗ ತುದಿ ಬಿಟ್ಟು ನಡುವೆ ಹಿಡಿದರೆ ಏನಾಗುತ್ತದೋ ಅದೇ ಇದು. ಡಬ್ಬಿ ಮೇಲೆ ಓಟದ ಶೇಕಡಾ ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ, ಬಲದ ಶೇಕಡಾ ಯಾರೂ ಬರೆಯುವುದಿಲ್ಲ ನೋಡಿ!

ಲಿವರ್ ಕತ್ತರಿಸಿದರೆ ನಾಬ್ ಓಡುವ ದೂರ ಕಡಿಮೆ ಆಗುತ್ತದೆ, ಲಿವರ್ ತಿರುಗುವ ಕೋನ ಅಷ್ಟೇ ಇರುತ್ತದೆ. ಜೊತೆಗೆ ನಾಬ್ ಕೆಳಗೆ ಇಳಿದು ಕೈಗೆ ದೂರ ಆಗುತ್ತದೆ. ನಿಜವಾದ ಶಾರ್ಟ್ ಶಿಫ್ಟರ್ ಅಂದರೆ ಬಾಲ್‌ನ ಜಾಗ ಮೇಲಕ್ಕೆ ಹೋಗಿರಬೇಕು, ಇಲ್ಲವೇ ಕೆಳಗಿನ ಭಾಗ ಉದ್ದ ಇರಬೇಕು.

ರಸ್ತೆ ಮೇಲೆ ದಿನಾ ಓಡಿಸುವ ಗಾಡಿಗೆ ನನ್ನ ಮಾತು ಕೇಳಿದರೆ ಶೇ. 20ರಿಂದ 25 ಸಾಕು. ಶೇ. 40 ಟ್ರ್ಯಾಕ್‌ನಲ್ಲಿ ಮಜಾ ಕೊಡುತ್ತದೆ. ಟ್ರಾಫಿಕ್‌ನಲ್ಲಿ ಒಂದು, ಎರಡು, ಮತ್ತೆ ಒಂದು ಅಂತ ಹಾಕುತ್ತಾ ಇರಿ, ಮಣಿಕಟ್ಟು ಹೇಳುತ್ತದೆ.

ಪ್ರಶ್ನೆ: ಶಾರ್ಟ್ ಶಿಫ್ಟರ್ ಹಾಕಿದರೆ ಸಿಂಕ್ರೋ ಬೇಗ ಹಾಳಾಗುತ್ತದೆ ಅಂತಾರೆ. ನಿಜವಾ ಅಣ್ಣಾ?

ಉತ್ತರ: ಶಿಫ್ಟರ್ ಹಾಳು ಮಾಡುವುದಿಲ್ಲ, ಅವಸರ ಹಾಳು ಮಾಡುತ್ತದೆ. ಅಷ್ಟೇ ಬಲದಲ್ಲಿ ತಳ್ಳಿದರೆ ಶಾರ್ಟ್ ಶಿಫ್ಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಬಲ ಕಡಿಮೆಯೇ. ಆದರೆ ದೂರ ಕಡಿಮೆ ಆದ ಕೂಡಲೇ ಜನ ಗುದ್ದಿ ಹಾಕಲು ಶುರು ಮಾಡುತ್ತಾರೆ. ಲಿವರ್ ತಡೆದು ನಿಲ್ಲುವ ಜಾಗ ಕೈಗೆ ಗೊತ್ತಾಗುತ್ತದೆ, ಅಲ್ವಾ? ಅಲ್ಲಿ ಒತ್ತಡ ಹಿಡಿದು ಅರೆಕ್ಷಣ ಬಿಡಿ, ಗೇರ್ ತಾನಾಗಿ ಒಳಗೆ ಹೋಗುತ್ತದೆ. ಹಾಗೆಯೇ, ಓಡಿಸುವಾಗ ಕೈಯನ್ನು ಸುಮ್ನೆ ಲಿವರ್ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಬಿಡಿ. ಆ ಭಾರ ಒಳಗೆ ಸ್ಲೀವ್ ತಳ್ಳುವ ಫೋರ್ಕ್ ಮೇಲೆ ಬೀಳುತ್ತದೆ.

ಪ್ರಶ್ನೆ: ಎಂಎಕ್ಸ್-5ಗೆ ಮನೆಯಲ್ಲೇ ಹಾಕಬಹುದಾ? ಎಲ್ಲಿ ಹುಷಾರಾಗಿರಬೇಕು?

ಉತ್ತರ: ಹಾಕಬಹುದು. ಕಾರುಗಳ ಪೈಕಿ ಇದು ಸುಲಭದ್ದು. ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೆ ಕೂತಿದೆ, ಎಲ್ಲ ಕೆಲಸ ಕ್ಯಾಬಿನ್ ಒಳಗಿಂದಲೇ ಆಗುತ್ತದೆ. ಗೇರ್‌ಬಾಕ್ಸ್ ತಣ್ಣಗಿರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಏನಾದರೂ ಇಡಿ. ನಾಬ್ ತಿರುಗಿಸಿ ತೆಗೆಯಿರಿ, ಕನ್ಸೋಲ್ ಬಿಚ್ಚಿ. ಮೇಲೆ ಒಂದು ದೊಡ್ಡ ರಬ್ಬರ್ ಬೂಟ್, ಅದರ ಕೆಳಗೆ ಇನ್ನೊಂದು ಸಣ್ಣದು. ಸಣ್ಣದನ್ನು ಬಿಚ್ಚಿದರೆ ಲಿವರ್ ನೆಟ್ಟಗೆ ಮೇಲಕ್ಕೆ ಬರುತ್ತದೆ.

ಲಿವರ್ ಹೊರಗೆ ಬಂದ ಕೂಡಲೇ ತೆರೆದ ಬಾಯಿಗೆ ಒಂದು ಚೊಕ್ಕ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಬಿದ್ದರೆ ದಿನವೆಲ್ಲ ಮ್ಯಾಗ್ನೆಟ್ ಹಿಡಿದು ಹುಡುಕಬೇಕಾಗುತ್ತದೆ. ಕೆಳತುದಿಯ ನೈಲಾನ್ ಬುಷ್ ಲಿವರ್ ಜೊತೆ ಬಂದಿದೆಯಾ, ಒಳಗೇ ಉಳಿದಿದೆಯಾ ನೋಡಿ. ಹಳೆಯದು ಒಳಗೇ ಇದ್ದು ಮೇಲಿಂದ ಹೊಸದನ್ನು ಕೂರಿಸಲು ಹೋದರೆ ಕೂರುವುದಿಲ್ಲ, ಬಲವಂತ ಮಾಡಿದರೆ ಒಡೆಯುತ್ತದೆ.

ಇನ್ನೊಂದು, ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಲಿವರ್ ಕೂರುವ ಗುಂಡಿಗೆ ಅದರದ್ದೇ ಆಯಿಲ್ ಬೇಕು. ಗೇರ್‌ಬಾಕ್ಸ್ ಆಯಿಲ್ ಬದಲಿಸಿದರೆ ಇದು ಬದಲಾಗುವುದಿಲ್ಲ. ಹಳೆಯ ಗಾಡಿಗಳಲ್ಲಿ ಇಲ್ಲಿ ಕಪ್ಪು ಕೆಸರು ಇರುತ್ತದೆ, ಇಲ್ಲವೇ ಪೂರ್ತಿ ಒಣಗಿರುತ್ತದೆ. ಸಿರಿಂಜ್‌ನಲ್ಲಿ ಹಳೆಯದನ್ನು ಎಳೆದು, ಒರೆಸಿ, ಹೊಸ 75ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ. 100 ಮಿಲಿ ಕೂಡ ಬೇಕಾಗುವುದಿಲ್ಲ. ಸಣ್ಣ ಬೂಟ್ ಹರಿದಿದ್ದರೆ ಅದನ್ನೂ ಬದಲಿಸಿ. ಕಾಲಿನ ಹತ್ತಿರ ಬಿಸಿ ಹೊಡೆಯುತ್ತದೆ, ಆಯಿಲ್ ವಾಸನೆ ಬರುತ್ತದೆ ಅಂತ ಹೇಳುವವರ ಗಾಡಿಯಲ್ಲಿ ಮುಕ್ಕಾಲು ಪಾಲು ಇದೇ ಹರಿದಿರುತ್ತದೆ.

ಬೋಲ್ಟ್ ಸಣ್ಣವು, ಕೂರುವುದು ಅಲ್ಯೂಮಿನಿಯಂನಲ್ಲಿ. ಜೋರಾಗಿ ಟೈಟ್ ಮಾಡಿದರೆ ಥ್ರೆಡ್ ಹೋಗುತ್ತದೆ. ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕ್ ನೋಡಿಕೊಂಡೇ ಬಿಗಿಯಿರಿ.

ಕನ್ಸೋಲ್ ಮುಚ್ಚುವ ಮುಂಚೆ ಎಂಜಿನ್ ಆಫ್ ಇರುವಾಗಲೇ ಎಲ್ಲ ಗೇರ್ ಹಾಕಿ ನೋಡಿ, ರಿವರ್ಸ್ ಸಹಿತ. ಪ್ರತಿ ಗೇರ್ ಪೂರ್ತಿ ಒಳಗೆ ಬೀಳಬೇಕು. ಉದ್ದ ಆದ ಕೆಳತುದಿ ತಳಕ್ಕೆ ತಾಗಿದರೆ, ಅಥವಾ ಲಿವರ್ ಬೂಟ್‌ಗೆ ಒತ್ತಿದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ. ಅಂಥದ್ದು ಆಕ್ಸಿಲರೇಟರ್ ಬಿಟ್ಟಾಗ ಟಪ್ ಅಂತ ಹಾರಿ ನ್ಯೂಟ್ರಲ್‌ಗೆ ಬರುತ್ತದೆ.

ಪ್ರಶ್ನೆ: ನನ್ನದು ಬಿಎಂಡಬ್ಲ್ಯೂ ಇ46. ಇದಕ್ಕೂ ಹೀಗೇನಾ?

ಉತ್ತರ: ಇಲ್ಲ, ಇದು ಕೆಳಗಿಂದ ಮಾಡುವ ಕೆಲಸ. ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಒಂದು ರಾಡ್ ಹೋಗುತ್ತದೆ. ಸೈಲೆನ್ಸರ್, ಅದರ ಮೇಲಿನ ಹೀಟ್ ಶೀಲ್ಡ್ ಎಲ್ಲ ಇಳಿಸಬೇಕಾಗುತ್ತದೆ. ಗಾಡಿಯನ್ನು ಬರೀ ಜಾಕ್ ಮೇಲೆ ಬಿಟ್ಟು ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕಡ್ಡಾಯ. ಬಾಲ್ ಹಿಡಿದಿರುವ ಪ್ಲಾಸ್ಟಿಕ್ ರಿಂಗ್ ಕೆಳಗಿಂದಲೇ ತಿರುಗಿಸಿ ತೆಗೆಯುವಂಥದ್ದು, ಅದಕ್ಕೆ ಎರಡು ಹಲ್ಲಿನ ಟೂಲ್ ಇದೆ. ರಾಡ್‌ನ ಕ್ಲಿಪ್, ವಾಷರ್, ಬುಷ್ ಎಲ್ಲ ಹೊಸದು ಹಾಕಿ. ಕೆಳಗಿನ ಭಾಗ ತುಂಬಾ ಉದ್ದ ಇರುವ ಶಿಫ್ಟರ್ ತಗೊಂಡರೆ ರಾಡ್ ಕೆಳಗೆ ಇಳಿದು ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್‌ಗೆ ತಾಗುವ ಭಯ ಇದೆ. ಹಾಗಾಗಿ ಎಲ್ಲ ಗೇರ್‌ನಲ್ಲೂ ರಾಡ್ ಶಾಫ್ಟ್‌ಗೆ ತಾಗುತ್ತದಾ ನೋಡಿ. ಇದೇ ಕಂಪನಿಯ ಬೇರೆ ಮಾಡೆಲ್‌ನ ಲಿವರ್ ತಂದು ಹಾಕುವವರೂ ಇದ್ದಾರೆ. ಓಟ ಸ್ವಲ್ಪ ಕಡಿಮೆ, ಒಳಗೆಲ್ಲ ಕಂಪನಿ ಬುಷ್, ಸದ್ದಿಲ್ಲ. ನನಗೆ ಅದೇ ಇಷ್ಟ.

ಪ್ರಶ್ನೆ: ಹೋಂಡಾ ಸಿವಿಕ್ ಟೈಪ್ ಆರ್‌ಗೆ?

ಉತ್ತರ: ಅದರಲ್ಲಿ ಎಂಜಿನ್ ಅಡ್ಡ ಕೂತಿದೆ, ಗೇರ್ ಬೀಳುವುದು ಎರಡು ಕೇಬಲ್‌ನಿಂದ. ಒಂದು ಹಿಂದೆ ಮುಂದೆ, ಇನ್ನೊಂದು ಅಕ್ಕಪಕ್ಕ. ಮೊದಲು ಕೇಬಲ್ ತುದಿಯ ರಬ್ಬರ್ ಬುಷ್ ನೋಡಿ. ಅದು ಮೆತ್ತಗಾಗಿದ್ದರೆ ಲಿವರ್ ಎಷ್ಟು ಗಿಡ್ಡ ಮಾಡಿದರೂ ರಬ್ಬರ್ ಒತ್ತಿದ ಹಾಗೇ ಇರುತ್ತದೆ. ಆಮೇಲೂ ಶಿಫ್ಟರ್ ಹಾಕಿದರೆ ಕೇಬಲ್ ಅಡ್ಜಸ್ಟ್ ಮಾಡಲೇಬೇಕು. ಒಂದು ಕಡೆಗೆ ಜಾಸ್ತಿ ಎಳೆದಿದ್ದರೆ ಒಂದು, ಮೂರು, ಐದು ಚೆನ್ನಾಗಿ ಬೀಳುತ್ತವೆ, ಎರಡು, ನಾಲ್ಕು, ಆರು ಅರ್ಧಕ್ಕೆ ನಿಲ್ಲುತ್ತವೆ.

ಪ್ರಶ್ನೆ: ನನ್ನದು ಆಟೋಮ್ಯಾಟಿಕ್. ನನಗೂ ಹಾಕಿಸಬಹುದಾ?

ಉತ್ತರ: ಬೇಡ. ಅಲ್ಲಿ ಲಿವರ್ ಗಿಡ್ಡ ಮಾಡಿ ಗಳಿಸುವುದು ಏನೂ ಇಲ್ಲ.

ಪ್ರಶ್ನೆ: ಟ್ರ್ಯಾಕ್‌ಗೆ ಅಂತ ಶೇ. 40ರದ್ದು ಹಾಕಿಸಿದೆ. ಈಗ ಗೇಟ್‌ಗಳು, ಅಂದರೆ ಲಿವರ್ ಹಿಂದೆ ಮುಂದೆ ಓಡುವ ಸಾಲುಗಳು, ತುಂಬಾ ಹತ್ತಿರ ಅನಿಸುತ್ತದೆ. ಅಭ್ಯಾಸ ಆಗುತ್ತದಾ?

ಉತ್ತರ: ಆಗುತ್ತದೆ, ಆದರೆ ಅಲ್ಲಿಯ ತನಕ ಹುಷಾರು. ಬಾಲ್ ಮೇಲಕ್ಕೆ ಹೋದಾಗ ಅಕ್ಕಪಕ್ಕದ ಓಟವೂ ಕಡಿಮೆ ಆಗುತ್ತದೆ. ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ ಅನ್ನು ತಿರುಗಿಸುತ್ತವೆ. ಆಗ ಎಂಜಿನ್ ವೇಗ ಮಿತಿ ಮೀರದ ಹಾಗೆ ತಡೆಯುವ ರೆವ್ ಲಿಮಿಟರ್ ಏನೂ ಮಾಡಲಾಗದು. ಅದು ಇಂಧನ ನಿಲ್ಲಿಸಬಹುದು, ಚಕ್ರ ನಿಲ್ಲಿಸಲಾಗದು. ವಾಲ್ವ್ ಹೋಗಿ ಪಿಸ್ಟನ್‌ಗೆ ತಾಗಿದರೆ ಎಂಜಿನ್ ಬಿಚ್ಚುವುದೇ. ಇಳಿಸುವಾಗ ನಾಬ್ ಅನ್ನು ಮುಷ್ಟಿ ಹಿಡಿಯಬೇಡಿ, ಅಂಗೈಯಿಂದ ಬೇಕಾದ ದಿಕ್ಕಿಗೆ ತಳ್ಳಿ. ನಡುವಿನ ಗೇಟ್‌ಗೆ ಸ್ಪ್ರಿಂಗ್ ತಾನೇ ತರುತ್ತದೆ. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಮೌಂಟ್ ಹಳೆಯದಾಗಿದ್ದರೆ ತಿರುವಿನಲ್ಲಿ ಎಂಜಿನ್ ವಾಲಿ ಗೇಟ್ ಎಲ್ಲಿದೆ ಅನ್ನುವುದೇ ತಪ್ಪುತ್ತದೆ. ಅದನ್ನೂ ನೋಡಿಸಿ.

ಪ್ರಶ್ನೆ: ಗೇರ್ ಆಯಿಲ್ ಜಿಎಲ್-4 ಹಾಕಬೇಕಾ ಜಿಎಲ್-5 ಹಾಕಬೇಕಾ?

ಉತ್ತರ: ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುವುದು. ಜಿಎಲ್-4 ಅಂತ ಮಾತ್ರ ಬರೆದಿದ್ದರೆ ‘5 ದೊಡ್ಡದು, ಇನ್ನೂ ಒಳ್ಳೆಯದು’ ಅಂತ ಹಾಕಬೇಡಿ. ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಹಿತ್ತಾಳೆ ಸಿಂಕ್ರೋಗೆ ಕೆಲವು ಸಲ ಆಗಿಬರುವುದಿಲ್ಲ. ಸಿಂಕ್ರೋಗೆ ಸ್ವಲ್ಪ ಹಿಡಿತ ಬೇಕು, ತುಂಬಾ ಜಾರಿದರೂ ಕಷ್ಟ.

ಪ್ರಶ್ನೆ: ಶಾರ್ಟ್ ಶಿಫ್ಟರ್ ಹಾಕಿಸಿದ ಮೇಲೆ ಎಂಜಿನ್ ವೇಗ ಮೇಲಕ್ಕೆ ಹೋದಾಗ ಲಿವರ್ ‘ಝಿಂಯ್’ ಅನ್ನುತ್ತದೆ ಸರ್. ವಾಪಸ್ ಹಳೆಯದನ್ನೇ ಹಾಕಲಾ?

ಉತ್ತರ: ತಡೆಯಿರಿ. ಕಂಪನಿ ಲಿವರ್‌ಗಳಲ್ಲಿ ಎಷ್ಟೋ ಸಲ ನಡುವೆ ರಬ್ಬರ್ ಇರುತ್ತದೆ, ಅದು ಕಂಪನ ನುಂಗುತ್ತದೆ. ಹೊರಗಿಂದ ತಂದದ್ದು ಒಂದೇ ಲೋಹದ ತುಂಡಾಗಿದ್ದರೆ ಸದ್ದು ನೇರವಾಗಿ ಕೈಗೆ ಬರುತ್ತದೆ. ಮೊದಲು ನಾಬ್ ಲೂಸ್ ಇದೆಯಾ ನೋಡಿ. ಆಮೇಲೆ ನಾಬ್ ಹಿಡಿದು ಮೆಲ್ಲಗೆ ಕೆಳಗೆ ಒತ್ತಿ. ಸದ್ದು ನಿಂತರೆ ಬಾಲ್ ಮೇಲಿನ ಸ್ಪ್ರಿಂಗ್ ವಾಷರ್ ಹಾಕಿಲ್ಲ, ಇಲ್ಲವೇ ಉಲ್ಟಾ ಹಾಕಿದ್ದಾರೆ. ಬಿಚ್ಚಿ ಸರಿಯಾಗಿ ಕೂರಿಸಿದರೆ ಹೋಗುತ್ತದೆ. ಒತ್ತಿದರೂ ಸದ್ದು ಹಾಗೇ ಇದ್ದರೆ ಭಾರದ ನಾಬ್ ಒಂದು ಹಾಕಿ ನೋಡಿ, ಬಹಳ ಸಲ ಅಷ್ಟಕ್ಕೇ ಕಡಿಮೆ ಆಗುತ್ತದೆ.