‘ಸ್ಪೀಡ್ ಕ್ಯಾಮೆರಾ’ ಎರಡು ಬಗೆ, ಹೆಸರು ಒಂದೇ ಸಾಕೇ?

ಬೈಕ್ ಸವಾರರಿಗಾಗಿ ರಸ್ತೆ ಸುರಕ್ಷತೆಯ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಸ್ಪೀಡ್ ಕ್ಯಾಮೆರಾ ವಿಷಯ ಬಂದಲ್ಲಿ ಪದ ಸಿಗದೆ ನಿಂತಿದ್ದೇನೆ. ‘ವೇಗಮಾಪಕ ಕ್ಯಾಮೆರಾ’ ಅಂತ ಕೆಲವರು ಬರೆಯುತ್ತಾರೆ. ಆದರೆ ವೇಗಮಾಪಕ ಅಂದ ಕೂಡಲೇ ನೆನಪಾಗುವುದು ಹ್ಯಾಂಡಲ್ ಹತ್ತಿರದ ಮೀಟರ್, ಅಲ್ವಾ? ‘ವೇಗ ಪತ್ತೆ ಕ್ಯಾಮೆರಾ’ ಅದಕ್ಕಿಂತ ವಾಸಿ.

ದೊಡ್ಡ ತೊಡಕು ಬೇರೆ ಇದೆ. ಕೆಲವು ಕ್ಯಾಮೆರಾಗಳು ಒಂದೇ ಜಾಗದಲ್ಲಿ ವೇಗ ಅಳೆಯುತ್ತವೆ. ರೇಡಾರ್ ಅಲೆ ಬೈಕಿಗೆ ತಾಗಿ ಮರಳುವಾಗ ಅದರ ಆವರ್ತನ ಬದಲಾಗುತ್ತದೆ, ಅದರಿಂದ ವೇಗ ಗೊತ್ತಾಗುತ್ತದೆ. (1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ನೆದರ್ಲೆಂಡ್ಸ್‌ನ ಮೌರಿಸ್ ಗಾಟ್ಸೊನಿಡೆಸ್ ಇಂಥ ಕ್ಯಾಮೆರಾಗಳ ಕಂಪನಿ ಕಟ್ಟಿದರು. ಬ್ರಿಟನ್ನಿನ ಜನ ಇವತ್ತಿಗೂ ಅವನ್ನು ‘ಗ್ಯಾಟ್ಸೊ’ ಅನ್ನುತ್ತಾರೆ.)

ಇನ್ನೊಂದು ಬಗೆಯಲ್ಲಿ ಎರಡು ಕ್ಯಾಮೆರಾ ಇರುತ್ತವೆ, ನಡುವೆ ಕೆಲವು ಕಿಲೋಮೀಟರ್ ದಾರಿ. ಎರಡೂ ಕಡೆ ನಂಬರ್ ಪ್ಲೇಟ್ ಓದಿ, ದೂರವನ್ನು ಸಮಯದಿಂದ ಭಾಗಿಸುತ್ತವೆ. 10 ಕಿ.ಮೀ. ದಾರಿ, ವೇಗಮಿತಿ 80 ಅಂದುಕೊಳ್ಳಿ. ಅದನ್ನು ದಾಟಲು ಕನಿಷ್ಠ ಏಳೂವರೆ ನಿಮಿಷ ಬೇಕು. ಆರೇ ನಿಮಿಷಕ್ಕೆ ಬಂದರೆ ಸರಾಸರಿ ವೇಗ 100. ಕ್ಯಾಮೆರಾ ಎದುರು ಎಷ್ಟು ಮೆಲ್ಲಗೆ ಹೋದರೂ ತಪ್ಪು ದಾಖಲಾಗುತ್ತದೆ.

ಎರಡಕ್ಕೂ ಒಂದೇ ಹೆಸರಿಟ್ಟರೆ ಈ ವ್ಯತ್ಯಾಸ ಮರೆಯಾಗುತ್ತದೆ. ಕ್ಯಾಮೆರಾ ಕಂಡ ಸವಾರ ಗಾಬರಿಯಿಂದ ಬ್ರೇಕ್ ಒತ್ತುತ್ತಾನೆ. ಕಾರಿನಲ್ಲಾದರೆ ಮೈ ಮುಂದಕ್ಕೆ ವಾಲಬಹುದು, ಅಷ್ಟೇ. ಬೈಕಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ ಮುಂದಿನ ಚಕ್ರ ಕಚ್ಚಿಕೊಂಡು ಬೈಕ್ ಜಾರಿಬೀಳಬಹುದು. ರಸ್ತೆ ಒದ್ದೆಯಿದ್ದರಂತೂ ಅಪಾಯ ಇನ್ನೂ ಜಾಸ್ತಿ. ಇಡೀ ದಾರಿಯ ವೇಗ ಲೆಕ್ಕಕ್ಕೆ ಬರುತ್ತದೆ ಅಂತ ಹೆಸರೇ ಹೇಳಿದರೆ ಸುಮ್ನೆ ಬ್ರೇಕ್ ಒತ್ತುವ ಅಭ್ಯಾಸ ಸ್ವಲ್ಪವಾದರೂ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲನೆಯದಕ್ಕೆ ‘ವೇಗ ಪತ್ತೆ ಕ್ಯಾಮೆರಾ’, ಎರಡನೆಯದಕ್ಕೆ ‘ಸರಾಸರಿ ವೇಗದ ಕ್ಯಾಮೆರಾ’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ಜೋಡಿ ಕ್ಯಾಮೆರಾ’ ಚಿಕ್ಕದಾಗಿತ್ತು, ಆದರೆ ಮೊಬೈಲ್ ಫೋನಿನ ಮಾತು ಅನ್ನಿಸಿತು. ‘ದಾರಿವೇಗ ಕ್ಯಾಮೆರಾ’ ಅಂದರೆ ಓದಿದವರಿಗೆ ಅರ್ಥವಾದೀತೇ?

ಜೊತೆಗೆ ಇನ್ನೊಂದು ಪ್ರಶ್ನೆ. ಕಾರಿಗೆ ಚಾಲಕ, ಬೈಕಿಗೆ ಸವಾರ ಅನ್ನುವುದು ನಮ್ಮ ರೂಢಿ. ‘ಚಾಲಕರು ವೇಗಮಿತಿ ಪಾಲಿಸಬೇಕು’ ಅಂತ ಬರೆದರೆ ಬೈಕಿನವರು ಅದು ತಮಗೂ ಹೇಳಿದ ಮಾತು ಅಂದುಕೊಳ್ಳುತ್ತಾರೆಯೇ? ‘ಚಾಲಕರು ಮತ್ತು ಸವಾರರು’ ಅಂತ ಪ್ರತಿ ಸಲ ಎರಡನ್ನೂ ಬರೆಯುವುದೇ ಸರಿ ಅಂತ ನನಗನ್ನಿಸುತ್ತದೆ. ನೀವು ಹೇಗೆ ಬರೆಯುತ್ತೀರಿ?