ಆಟದ ‘ಪಾರ್ಟಿ’ಗೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯಿಂದ ಬರೆಯುತ್ತಿದ್ದೇನೆ. ಒಂದೆರಡು ಪದಕ್ಕೆ ಸಿಕ್ಕಿಹಾಕಿಕೊಂಡು ಹತ್ತು ದಿನವಾಯಿತು, ನೀವೇ ಬಿಡಿಸಬೇಕು.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ, ಅವನ ಇಬ್ಬರು ಗೆಳೆಯರು ಸೇರಿ ಒಂದು ಸಣ್ಣ ರೋಲ್ ಪ್ಲೇಯಿಂಗ್ ಗೇಮ್ ಮಾಡುತ್ತಿದ್ದಾರೆ, ಪೂರ್ತಿ ಕನ್ನಡದಲ್ಲಿ. ಮಾತು ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಕಾಫಿ ತೋಟದಲ್ಲಿ ರೈಟರ್. ‘ಮಾಮ, ನೀವು ರೈಟರ್ ಅಲ್ವಾ, ಬರೀರಿ’ ಅಂದ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವ ರೈಟರೇ ಬೇರೆ, ಕಥೆ ಬರೆಯುವವರೇ ಬೇರೆ ಅಂದರೆ ಕೇಳುವ ಪೈಕಿ ಅಲ್ಲ ಅವನು.

ಈ ಆಟಗಳನ್ನು ಆಡದವರಿಗೆ ಎರಡು ಮಾತು. ಇಲ್ಲಿ ನಾಯಕ ಒಬ್ಬನೇ ಕಾಡಿಗೆ ಇಳಿಯುವುದಿಲ್ಲ, ಜೊತೆಗೆ ಜನ ಇರುತ್ತಾರೆ. 1981ರ ‘ವಿಝಾರ್ಡ್ರಿ’ಯಲ್ಲಿ ಆರು ಜನರನ್ನು ಆಡುವವರೇ ಕೂತು ಮಾಡಿಕೊಳ್ಳಬೇಕಿತ್ತು. ಒಬ್ಬ ಕತ್ತಿ ಹಿಡಿಯಲು, ಒಬ್ಬ ಗಾಯ ವಾಸಿ ಮಾಡಲು, ಹೀಗೆ. ಅವರಿಗೆ ಕೈ ಇತ್ತು, ಬಾಯಿ ಇರಲಿಲ್ಲ. 1998ರ ‘ಬಾಲ್ಡರ್ಸ್ ಗೇಟ್’ನಲ್ಲೂ ನಾಯಕ ಸೇರಿ ಆರೇ ಜನ. ಆದರೆ ಉಳಿದವರು ದಾರಿಯಲ್ಲಿ ಸಿಗುವವರು, ತಮ್ಮ ತಮ್ಮ ಜಗಳ, ಹರಕೆ, ಹೆಂಡತಿ ಸಮೇತ ಬರುವವರು. ಹೆಂಡತಿ ಅಂದದ್ದು ತಮಾಷೆಗಲ್ಲ. ಖಾಲಿದ್, ಜಹೇರಾ ಅಂತ ಗಂಡ ಹೆಂಡತಿ ಇದ್ದಾರೆ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರೂ ಎದ್ದು ಹೋಗುತ್ತಾರೆ.

ಈ ಜನರ ಗುಂಪಿಗೆ ಇಂಗ್ಲಿಷಿನಲ್ಲಿ ಪಾರ್ಟಿ, ಅದರಲ್ಲಿ ಒಬ್ಬೊಬ್ಬರಿಗೆ ಕಂಪ್ಯಾನಿಯನ್ ಅನ್ನುತ್ತಾರೆ. ಪಾರ್ಟಿಯನ್ನು ಹಾಗೇ ಇಡೋಣ ಅಂದುಕೊಂಡು ‘ಇವನನ್ನು ಪಾರ್ಟಿಯಿಂದ ತೆಗೆಯಬೇಕೇ?’ ಎಂದು ಬರೆದೆ. ಓದಿದ ನನ್ನ ಹೆಂಡತಿ, ‘ಯಾವ ಪಾರ್ಟಿಯಿಂದ, ಎಲೆಕ್ಷನ್ ಬಂತಾ?’ ಅಂದಳು. ಎಲೆಕ್ಷನ್ ಬಿಟ್ಟರೆ ಇನ್ನೊಂದು ಅರ್ಥ ಹಂದಿ ಸಾರಿನ ಪಾರ್ಟಿ. ಅಲ್ಲಿಗೆ ಮುಗಿಯಿತು.

ತಂಡ ಅನ್ನಬಹುದು. ಆದರೆ ಕೊಡಗಿನಲ್ಲಿ ತಂಡ ಅಂದ ಕೂಡಲೇ ಕಣ್ಣೆದುರು ಬರುವುದು ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದು ತಂಡ ಅಂದರೆ ಒಂದೇ ಒಕ್ಕ, ಒಂದೇ ಮನೆಹೆಸರು. ಆಟದ ಪಾರ್ಟಿ ಇದಕ್ಕೆ ತದ್ವಿರುದ್ಧ, ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಪಡೆ, ದಂಡು ಅಂದರೆ ನಾಲ್ಕು ಜನರಿಗೆ ಜಾಸ್ತಿಯಾಯಿತು. ಬಳಗ ನನಗೆ ಇಷ್ಟವಾಗಿದೆ. ಅದರಲ್ಲಿ ಬೆಚ್ಚಗಿನ ಒಂದು ಅರ್ಥ ಇದೆ, ಗೆಳೆಯರ ಬಳಗ ಅನ್ನುತ್ತೇವಲ್ಲ. ಇದರ ತೊಂದರೆ ಕೊನೆಗೆ ಹೇಳುತ್ತೇನೆ.

ಕಂಪ್ಯಾನಿಯನ್ ವಿಷಯ ಇನ್ನೂ ಕಷ್ಟ. ಸಂಗಾತಿ ಎಂದು ಬರೆದರೆ ಈಗಿನವರಿಗೆ ಬಾಳಸಂಗಾತಿಯೇ ಅರ್ಥ. ಈ ಆಟಗಳಲ್ಲಿ ಪ್ರೇಮವೂ ಇರುತ್ತದೆ, ಇರದವರ ಮೇಲೂ ಅನುಮಾನ ಬರುತ್ತದೆ. ಸಹಚರ ಪದವನ್ನು ಪೇಪರಿನವರು ಹಾಳು ಮಾಡಿದ್ದಾರೆ, ‘ರೌಡಿಯ ಮೂವರು ಸಹಚರರ ಬಂಧನ’. ಹಿಂಬಾಲಕ ಅಂದರೆ ಇನ್‌ಸ್ಟಾಗ್ರಾಮ್. ಗೆಳೆಯ ಅನ್ನೋಣ ಎಂದರೆ ಎಲ್ಲರೂ ಗೆಳೆಯರಲ್ಲ, ಕೆಲವರು ಮೊದಲ ದಿನವೇ ಕುತ್ತಿಗೆಗೆ ಕತ್ತಿ ಇಟ್ಟು ಮಾತಾಡುತ್ತಾರೆ. ವಿರಾಜಪೇಟೆಯ ಕೊಡವ ಗೆಳೆಯರೊಬ್ಬರು ‘ಬೋಜಕಾರ’ ಅಂತ ಇಡಿ ಅಂದರು. ಕೊಡವ ಮದುವೆಯಲ್ಲಿ ಮದುಮಗನ ಬಗಲಲ್ಲೇ ಇರುವ ಜೊತೆಗಾರ. ಪದ ಚೆನ್ನಾಗಿದೆ, ಆದರೆ ಮದುವೆ ದಿನ ಬೋಜಕಾರನಿಗೆ ತನ್ನದು ಅಂತ ಏನೂ ಇಲ್ಲ, ಎಲ್ಲಾ ಮದುಮಗನದ್ದೇ. ಆಟದಲ್ಲಿ ಹಾಗಲ್ಲ. ಸದ್ಯಕ್ಕೆ ‘ಒಡನಾಡಿ’ ಎಂದು ಬರೆದಿದ್ದೇನೆ. ಒಡನೆ ಆಡುವವನು, ಅಂದರೆ ಜೊತೆಗೆ ಓಡಾಡುವವನು. ಆಟಕ್ಕೆ ಆಟವೂ ಪದದೊಳಗೇ ಬಂತು.

ಇನ್ನು ಒಡನಾಡಿಗಳ ಜಗಳ. 2000ದಲ್ಲಿ ಬಂದ ‘ಬಾಲ್ಡರ್ಸ್ ಗೇಟ್’ ಎರಡನೇ ಭಾಗದಲ್ಲಿ ಕೆಲ್ಡಾರ್ನ್, ವಿಕೋನಿಯಾ ಇಬ್ಬರನ್ನೂ ಕರೆದುಕೊಂಡು ಹೋದರೆ ಮಾತಿನಲ್ಲಿ ಶುರುವಾಗಿ ಕೊನೆಗೆ ಕೊಲ್ಲುವ ತನಕ ಹೋಗುತ್ತದೆ. ಅಕ್ಕನ ಮಗ ಇದನ್ನು ದೊಡ್ಡ ಐಡಿಯಾ ಎಂಬಂತೆ ಹೇಳಿದ. ನಾನು ಬೆಳಗ್ಗೆ ಏಳೂವರೆಗೆ ಹಾಜರಿ ಹಿಡಿಯುವಾಗ ದಿನಾ ನೋಡುವುದೇ ಇದು. ಮೊನ್ನೆ ಕೂಡ ಮೇಸ್ತ್ರಿ ಕೆಳಗಿನ ಬ್ಲಾಕಿಗೆ ನಾಲ್ಕು ಹೆಸರು ಕೂಗಿದ. ಒಬ್ಬರು ಬುಟ್ಟಿ ಕೆಳಗಿಟ್ಟು ‘ಅವಳು ಬಂದ್ರೆ ನಾನು ಬರಲ್ಲ ರೈಟ್ರೇ’ ಅಂದರು. ಕಾರಣ, ಹೋದ ವರ್ಷ ಹುತ್ತರಿಗೆ ಸಾಲ ಕೊಟ್ಟ ಕೋಳಿ. ಆ ಮಾತನ್ನು ಹಾಗೇ ಎತ್ತಿ ಆಟಕ್ಕೆ ಹಾಕಿದ್ದೇನೆ, ಕೋಳಿ ಸಮೇತ.

ಒಂದು ಪದ ಮಾತ್ರ ಧೈರ್ಯವಾಗಿ ಬರೆದಿದ್ದೇನೆ, ನೀವು ತಪ್ಪು ಅಂದರೂ ಸುಲಭಕ್ಕೆ ಬಿಡುವುದಿಲ್ಲ. ಒಡನಾಡಿಯ ಸ್ವಂತ ಕೆಲಸ ಒಂದಿರುತ್ತದೆ, ಅದನ್ನು ನಾವು ಮಾಡಿಕೊಡಬೇಕು. ಮೊದಲ ‘ಬಾಲ್ಡರ್ಸ್ ಗೇಟ್’ನ ಮಿನ್ಸ್ಕ್ ತಾನು ಕಾಯುತ್ತಿದ್ದ ಡೈನಹೀರ್ ಎಂಬ ಮಾಂತ್ರಿಕಳನ್ನು ಸೆರೆಯಿಂದ ಬಿಡಿಸಿಕೊಡಿ ಅನ್ನುತ್ತಾನೆ, ತಡ ಮಾಡಿದರೆ ನಮ್ಮ ಮೇಲೇ ತಿರುಗಿ ಬೀಳುತ್ತಾನೆ. 2010ರ ‘ಮಾಸ್ ಎಫೆಕ್ಟ್ 2’ರಲ್ಲಂತೂ ಕಥೆಯ ಅರ್ಧ ಭಾರ ಇದರ ಮೇಲೇ. ಅವರ ಕೆಲಸಕ್ಕೆ ನಾವು ಹೋಗಿದ್ದರೆ ಕೊನೆಯ ಹೋರಾಟದಲ್ಲಿ ಅವರು ಉಳಿಯುವ ಸಾಧ್ಯತೆ ಜಾಸ್ತಿ. ಇಂಗ್ಲಿಷಿನಲ್ಲಿ ಲಾಯಲ್ಟಿ ಮಿಷನ್. ‘ನಿಷ್ಠಾ ಕಾರ್ಯ’ ಎಂದು ಬರೆದು ನಾನೇ ಹೊಡೆದು ಹಾಕಿದೆ. ಇದಕ್ಕೆ ನಮ್ಮಲ್ಲಿ ಪದ ಇದೆಯಲ್ಲ, ಮುಯ್ಯಿ! ನಾಟಿ ಸಮಯದಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು, ದುಡ್ಡಿನ ಮಾತಿಲ್ಲ. ಮುಯ್ಯಾಳು. ಮುಯ್ಯಿ ತೀರಿಸುವುದು ಅಂದರೆ ಸೇಡು ಅಂತಲೂ ಆಗುತ್ತದೆ, ಮಿನ್ಸ್ಕ್‌ಗೆ ಅದೂ ಹೊಂದುತ್ತದೆ. ಈಗ ನಮ್ಮ ಆಟದಲ್ಲಿ ಪರದೆ ಮೇಲೆ ‘ಮುಯ್ಯಿ ಬಾಕಿ’, ‘ಮುಯ್ಯಿ ತೀರಿತು’ ಎಂದು ಬರುತ್ತದೆ.

ಇನ್ನೊಂದು ಚಿಕ್ಕದು. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ನಾವೇನಾದರೂ ಮಾಡಿದಾಗ ಮೂಲೆಯಲ್ಲಿ ಒಡನಾಡಿಯೊಬ್ಬನ ಹೆಸರು ಹಿಡಿದು ‘ಆಸ್ಟೇರಿಯನ್ ಅಪ್ರೂವ್ಸ್’ ಎಂದು ಬರುತ್ತದೆ. ‘ಅನುಮೋದಿಸಿದ್ದಾನೆ’ ಎಂದರೆ ತಾಲ್ಲೂಕು ಕಚೇರಿ ಸೀಲು ಬಿದ್ದ ಹಾಗೆ. ‘ಆಸ್ಟೇರಿಯನ್‌ಗೆ ಇದು ಹಿಡಿಸಿತು’ ಸಾಕು, ಅಲ್ವಾ? ಬೇಡವಾದಾಗ ‘ಹಿಡಿಸಲಿಲ್ಲ’.

ಈ ಹಿಡಿಸುವುದನ್ನು ತೋರಿಸಲು ಇಂಗ್ಲಿಷಿನ ಆಟಗಳಿಗೆ ಅಂಕಿ ಬೇಕು, 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಮೈನಸ್ 100ರಿಂದ 100ರ ತನಕ ಒಂದು ಗೆರೆಯೇ ಇತ್ತು. ನಮಗೆ ‘ನೀವು’, ‘ನೀನು’ ಇದೆ. ಬಂದ ಹೊಸದರಲ್ಲಿ ‘ನೀವು’ ಅನ್ನುತ್ತಿದ್ದವಳು ಒಂದು ರಾತ್ರಿ ಬೆಂಕಿ ಪಕ್ಕ ಕೂತು ‘ನೀನು ಊಟ ಮಾಡಿದ್ಯಾ?’ ಅಂದರೆ ಯಾವ ಅಂಕಿಯೂ ಬೇಡ. ಸಿಟ್ಟು ಬಂದಾಗ ಮತ್ತೆ ‘ನೀವು’ಗೆ ಹೋಗುತ್ತಾಳೆ, ಅದು ಇನ್ನೂ ಚುಚ್ಚುತ್ತದೆ. ಎಲ್ಲರೂ ‘ನೀನು’ಗೆ ಇಳಿಯಲೇಬೇಕು ಅಂತೇನಿಲ್ಲ. 2019ರ ‘ಡಿಸ್ಕೋ ಎಲಿಸಿಯಂ’ನಲ್ಲಿ ನಮ್ಮ ಜೊತೆ ಇರುವ ಪೊಲೀಸ್ ಕಿಮ್ ಕಿಟ್ಸುರಾಗಿ ಕನ್ನಡ ಮಾತಾಡಿದ್ದರೆ ಕೊನೆತನಕ ‘ನೀವು’ ಅಂದೇ ನಮ್ಮನ್ನು ಗೆಲ್ಲುತ್ತಿದ್ದ.

ಈಗ ಬಳಗದ ತೊಂದರೆಗೆ ಬರುತ್ತೇನೆ. ‘ಬಾಲ್ಡರ್ಸ್ ಗೇಟ್ 3’ರಂತೆ ನಮ್ಮ ಆಟದಲ್ಲೂ ಒಂದು ಬಿಡಾರ ಇದೆ. ಒಡನಾಡಿಗಳು ಏಳು ಜನ, ಹೊರಗೆ ಹೋಗುವುದು ನಾಯಕ ಸೇರಿ ನಾಲ್ಕೇ ಜನ. ಉಳಿದವರು ಬಿಡಾರದಲ್ಲಿ ಇರುತ್ತಾರೆ. ಬಳಗ ಅಂದರೆ ಎಲ್ಲರೂ ಬಂದುಬಿಟ್ಟರು. ಹೊರಟವರಿಗೆ ಮಾತ್ರ ಏನನ್ನಲಿ? ‘ನಾಲ್ವರು’ ಎಂದು ಬರೆದೆ, ಕಿವಿಗೆ ಚೆನ್ನಾಗಿತ್ತು. ಆದರೆ ಇಬ್ಬರೇ ಹೊರಟಾಗ ‘ನಾಲ್ವರು: 2’ ಎಂದು ತೋರಿಸಿತು, ಹುಡುಗರು ಬಿದ್ದು ಬಿದ್ದು ನಕ್ಕರು. ನಮ್ಮ ಮೇಸ್ತ್ರಿಯನ್ನು ಕೇಳಿದರೆ ‘ಗ್ಯಾಂಗು’ ಅನ್ನುತ್ತಾನೆ, ಅದು ಮತ್ತೆ ರೌಡಿಗಳ ಹತ್ತಿರ ಹೋಯಿತು.

ಜಾತ್ರೆಗೋ, ಕಾಡಿಗೋ, ಸೌದೆಗೋ, ಊರಿನ ಕೆಲವರು ಒಟ್ಟಿಗೆ ಹೊರಟರೆ ನಿಮ್ಮ ಕಡೆ ಆ ಹೊರಟವರನ್ನು ಏನೆಂದು ಕರೆಯುತ್ತಾರೆ? ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ ನೋಡಿ. ಪದ ಮೂರು ನಾಲ್ಕು ಅಕ್ಷರ ಮೀರದಿದ್ದರೆ ಒಳ್ಳೆಯದು, ಪರದೆಯ ಮೂಲೆಯಲ್ಲಿ ಜಾಗ ಕಡಿಮೆ. ಕಾಫಿ ಕುಯ್ಲು ಶುರುವಾದರೆ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ, ಅದಕ್ಕೆ ಮುಂಚೆ ಬರೆದರೆ ಉಪಕಾರ.